ಕ್ರಿಕೆಟ್ ಬೆಟ್ಟಿಂಗ್: ಕಾನೂನು ಎಲ್ಲಿಯವರೆಗೆ, ಸಾಲ ಎಲ್ಲಿಯವರೆಗೆ?

ಆನ್‌ಲೈನ್ ಹಣದ ಆಟಗಳನ್ನು ಸರ್ಕಾರ ನಿಷೇಧಿಸಿತಲ್ಲ, ಇನ್ನು ಬೆಟ್ಟಿಂಗ್ ಕಥೆ ಮುಗಿಯಿತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮತ್ತೆ ಕೆಲವರದು ಇದಕ್ಕೆ ಉಲ್ಟಾ ಮಾತು: ಪೊಲೀಸರು ಹಿಡಿಯುವುದು ಬುಕ್ಕಿಯನ್ನು, ಆಡಿದವನಿಗೆ ಏನೂ ಆಗುವುದಿಲ್ಲ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಎರಡನ್ನೂ ಪೂರ್ತಿ ನಂಬಿದರೆ ಕಷ್ಟ. ಕಾನೂನು ಬುಕ್ಕಿಯನ್ನು, ಕಂಪನಿಯನ್ನು, ಜಾಹೀರಾತನ್ನು ಹುಡುಕಿಕೊಂಡು ಹೋಗುತ್ತದೆ. ಬಾಜಿ ಸೋತವನು ಮಾಡಿದ ಸಾಲ ಮಾತ್ರ ಯಾವ ನಿಷೇಧಕ್ಕೂ ಸಿಗದೆ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ನಮ್ಮ ಕಡೆಯ ವರ್ಷದ ಲೆಕ್ಕ ನೋಡಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ವರ್ಜೀನಿಯಾ ತಂಬಾಕಿನ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳು ಮಳೆಗಾಲದ ಕೊನೆಗೆ ತೆರೆದು ಮುಂದಿನ ವರ್ಷದ ಆರಂಭದ ತಿಂಗಳುಗಳವರೆಗೂ ನಡೆಯುತ್ತವೆ. ಕೆ.ಆರ್. ನಗರದ ಕಡೆ ಭತ್ತ ಕೊಯ್ದು ಮಾರುವುದೂ ಹೆಚ್ಚು ಕಡಿಮೆ ಅದೇ ಕಾಲ. ಅಂದರೆ ರೈತನ ಮನೆಯಲ್ಲಿ ವರ್ಷಕ್ಕೊಮ್ಮೆ ಒಟ್ಟಿಗೆ ದುಡ್ಡು ಕಾಣುವ ತಿಂಗಳುಗಳು ಮುಗಿಯುತ್ತಿದ್ದಂತೆ ಯುಗಾದಿ ಬರುತ್ತದೆ, ಅದರ ಆಸುಪಾಸಿನಲ್ಲೇ ಐಪಿಎಲ್ ಶುರುವಾಗುತ್ತದೆ. ಯುಗಾದಿಗೆ ಇಸ್ಪೀಟು ಆಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಅದೂ ಜೂಜೇ, ಅದನ್ನು ಸಮರ್ಥಿಸುತ್ತಿಲ್ಲ. ಆದರೆ ಅಲ್ಲಿ ಜೇಬಿನಲ್ಲಿದ್ದಷ್ಟೇ ದುಡ್ಡು, ಸುತ್ತ ಊರವರ ಕಣ್ಣು, ಹಬ್ಬ ಮುಗಿದರೆ ಆಟವೂ ಮುಗಿಯಿತು. ಮೊಬೈಲಿನ ಬಾಜಿಗೆ ಇವು ಮೂರೂ ಇಲ್ಲ. ಯಾರೂ ನೋಡುವುದಿಲ್ಲ. ಇವತ್ತಿನ ಪಂದ್ಯ ಮುಗಿದರೆ ನಾಳೆ ಇನ್ನೊಂದು. ಜೇಬು ಖಾಲಿಯಾದರೆ ಬುಕ್ಕಿ ಉದ್ದರಿ ಕೊಡುತ್ತಾನೆ. ಈ ಉದ್ದರಿಯೇ ಮುಂದಿನ ಎಲ್ಲದಕ್ಕೂ ಬೀಜ.

ಬುಕ್ಕಿ ಹೇಗೆ ಬದುಕುತ್ತಾನೆ ಎನ್ನುವುದು ಕಷ್ಟದ ಲೆಕ್ಕವಲ್ಲ. ಸಮಬಲದ ಎರಡು ತಂಡಗಳು ಆಡುತ್ತಿವೆ ಎಂದಿಟ್ಟುಕೊಳ್ಳಿ. ನ್ಯಾಯವಾಗಿ 100 ರೂಪಾಯಿ ಕಟ್ಟಿ ಗೆದ್ದವನಿಗೆ 100 ರೂಪಾಯಿ ಲಾಭ ಸಿಗಬೇಕು. ಬುಕ್ಕಿ 90 ಕೊಡುತ್ತಾನೆ ಎನ್ನೋಣ. ಒಬ್ಬ ಈ ತಂಡಕ್ಕೆ 100, ಇನ್ನೊಬ್ಬ ಆ ತಂಡಕ್ಕೆ 100 ಕಟ್ಟಿದರೆ ಯಾರೇ ಗೆಲ್ಲಲಿ, ಬುಕ್ಕಿಗೆ 10 ರೂಪಾಯಿ ಉಳಿಯುತ್ತದೆ. ಅವನಿಗೆ ಕ್ರಿಕೆಟ್ ಗೊತ್ತಿರಬೇಕೆಂದೇನೂ ಇಲ್ಲ, ಎರಡೂ ಕಡೆ ಜನ ಇದ್ದರೆ ಸಾಕು. ದರ ಪಂದ್ಯಕ್ಕೊಂದು, ಓವರಿಗೊಂದು ಬದಲಾಗಬಹುದು, ಆ ಮಧ್ಯದ ಪಾಲು ಮಾತ್ರ ಅವನು ಬಿಡುವುದಿಲ್ಲ.

'ಸೋತರೆ ಮುಂದಿನ ಪಂದ್ಯಕ್ಕೆ ಡಬಲ್ ಕಟ್ಟು, ಒಂದು ಸಲ ಗೆದ್ದರೆ ಎಲ್ಲಾ ವಾಪಸ್' ಎಂಬ ಸಲಹೆ ಎಲ್ಲರಿಗೂ ಕೇಳಿ ಗೊತ್ತು. ಗಣಿತ ಓದುವವರು ಪೆನ್ನು ಹಿಡಿಯಿರಿ. 500 ಸೋತಿರಿ. 1,000 ಕಟ್ಟಿ ಗೆದ್ದರೆ 900 ಬಂತು, ಒಟ್ಟು ಲಾಭ 400. ಅದೂ ಸೋತರೆ 2,000 ಕಟ್ಟಿ ಗೆದ್ದಾಗ ಲಾಭ 300. ಅದೂ ಹೋದರೆ 4,000ಕ್ಕೆ ಲಾಭ ಬರೀ 100. ಅದೂ ಹೋಯಿತು ಎನ್ನಿ. ಈಗ ನೀವು ಕಳೆದದ್ದು 7,500. ಐದನೆಯ ಸಲ 8,000 ಕಟ್ಟಿ ಗೆದ್ದರೂ ಬರುವುದು 7,200. ಗೆದ್ದ ಮೇಲೂ 300 ನಷ್ಟ! ಐದನೆಯದನ್ನೂ ಸೋತರೆ ಕೈಬಿಟ್ಟದ್ದು 15,500. ಐದು ಸಲ ಸತತ ಸೋಲು ಅಪರೂಪ ಎಂದು ತೋರಬಹುದು. ಪ್ರತಿ ಪಂದ್ಯವೂ ಅರ್ಧಕ್ಕರ್ಧ ಎಂದಿಟ್ಟುಕೊಂಡರೆ ಅಂಥ ಸರಣಿ ಎದುರಾಗಲು ಸರಾಸರಿ 62 ಪಂದ್ಯ ಸಾಕು. 2025ರ ಐಪಿಎಲ್ ವೇಳಾಪಟ್ಟಿಯಲ್ಲಿದ್ದ ಪಂದ್ಯಗಳು 74. ಸಂಭವನೀಯತೆ ಅಧ್ಯಾಯದಲ್ಲಿ ನಾಣ್ಯ ಚಿಮ್ಮಿಸುವ ಲೆಕ್ಕ ಬೇಸರ ಎನ್ನುವವರಿಗೆ ಇದೊಂದು ಉಪಯೋಗ.

ಇನ್ನು ಕಾನೂನಿಗೆ ಬರೋಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ 'ಬೆಟ್ಟಿಂಗ್ ಮತ್ತು ಜೂಜು' ರಾಜ್ಯ ಪಟ್ಟಿಯ 34ನೇ ನಮೂದು. ಆದ್ದರಿಂದ ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ. ಇದನ್ನು ಕಣ್ಣಾರೆ ನೋಡಬೇಕಾದರೆ ಎಚ್.ಡಿ. ಕೋಟೆ ದಾಟಿ ಬಾವಲಿ ಚೆಕ್‌ಪೋಸ್ಟಿಗೆ ಹೋದರೆ ಸಾಕು. ಈಚೆ ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು, ಆಚೆ ಕೇರಳದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆ. 2024ರ ಅಕ್ಟೋಬರಿನಲ್ಲಿ ಓಣಂ ಬಂಪರಿನ 25 ಕೋಟಿ ನಮ್ಮ ಪಕ್ಕದ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ಟೀ ಅಂಗಡಿಗಳಲ್ಲೆಲ್ಲ ಅದೇ ಮಾತು. ಆ ಬಂಪರಿಗೆ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿತ್ತು, ಒಂದೊಂದಕ್ಕೆ 500 ರೂಪಾಯಿ. ಬಹುಮಾನ ಬಾರದ ಲಕ್ಷಾಂತರ ಜನರ ಬಗ್ಗೆ ಯಾವ ಚಾನೆಲ್ಲೂ ಮಾತಾಡಲಿಲ್ಲ.

ಕರ್ನಾಟಕದಲ್ಲಿ ಜೂಜನ್ನು ತಡೆಯುವುದು ಮುಖ್ಯವಾಗಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದೃಷ್ಟದ ಆಟಕ್ಕೆ ಹಣ ಕಟ್ಟಿದರೆ ಜೂಜು, ಕೌಶಲದ ಆಟವಾದರೆ ಅಲ್ಲ ಎಂಬ ಗೆರೆ ನಮ್ಮ ದೇಶದ ನ್ಯಾಯಾಲಯಗಳು ಎಳೆದದ್ದು. ಆ ಗೆರೆಯ ಹುಟ್ಟಿನಲ್ಲಿ ನಮ್ಮ ಮೈಸೂರು ರಾಜ್ಯದ ಪಾಲೂ ಇದೆ. 1957ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಚಮಾರ್‌ಬಾಗ್‌ವಾಲಾ ಪ್ರಕರಣ ಬೆಂಗಳೂರಿನಿಂದ ಬರುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆಯ ಪದಬಂಧ ಸ್ಪರ್ಧೆಗೆ ಸಂಬಂಧಿಸಿದ್ದು. ಆಮೇಲೆ 1967ರಲ್ಲಿ ರಮ್ಮಿ, 1996ರಲ್ಲಿ ಕುದುರೆ ರೇಸು ಕೌಶಲದ ಸಾಲಿಗೆ ಸೇರಿದವು. ಮೈಸೂರಿನ ರೇಸ್ ಕೋರ್ಸಿನೊಳಗೆ ಕುದುರೆಗೆ ದುಡ್ಡು ಕಟ್ಟುವುದು ಪರವಾನಗಿ ಪಡೆದ ವ್ಯವಹಾರ, ಹೊರಗೆ ಹಳ್ಳಿಯ ಕೋಳಿ ಅಂಕಕ್ಕೆ ಕಟ್ಟಿದರೆ ಪೊಲೀಸ್ ಕೇಸು. ಸೂಟು ಹಾಕಿಕೊಂಡವರ ಜೂಜಿಗೊಂದು, ಲುಂಗಿ ಉಟ್ಟವರ ಜೂಜಿಗೊಂದು ಕಾನೂನೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಕ್ರಿಕೆಟ್ ಬೆಟ್ಟಿಂಗ್ ಈ ಗೆರೆಯ ಯಾವ ಕಡೆ? ಇದಕ್ಕೆ ಉತ್ತರ ಬಂದದ್ದು ಮೈಸೂರಿನಲ್ಲಿ ಫೈನಲ್ ಆಡಿದ ಒಂದು ಟೂರ್ನಿಯಿಂದ. 2019ರ ಆಗಸ್ಟ್ 31ರಂದು ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನದಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಫೈನಲ್ ನಡೆಯಿತು. ಹುಬ್ಬಳ್ಳಿ ಟೈಗರ್ಸ್ ತಂಡ ಬಳ್ಳಾರಿ ಟಸ್ಕರ್ಸ್ ತಂಡವನ್ನು 8 ರನ್‌ಗಳಿಂದ ಸೋಲಿಸಿತು. ಕೆಲವೇ ವಾರಗಳಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಆರೋಪದ ಮೇಲೆ ಬೆಳಗಾವಿ ತಂಡದ ಮಾಲೀಕರನ್ನು, ನವೆಂಬರಿನಲ್ಲಿ ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನು ಬಂಧಿಸಿದರು. ಫೈನಲಿನಲ್ಲಿ ದುಡ್ಡು ಪಡೆದು ನಿಧಾನವಾಗಿ ಬ್ಯಾಟ್ ಮಾಡಿದರು ಎಂಬುದು ಆಟಗಾರರ ಮೇಲಿದ್ದ ಆರೋಪಗಳಲ್ಲಿ ಒಂದು. ಮೈದಾನಕ್ಕೆ ಹೋಗಿ ಚಪ್ಪಾಳೆ ತಟ್ಟಿದ ಮೈಸೂರಿನ ಹುಡುಗರಿಗೆ ಆ ಸುದ್ದಿ ಹೇಗೆ ಅನಿಸಿರಬೇಕು!

2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಮೊಕದ್ದಮೆಯನ್ನು ರದ್ದು ಮಾಡಿತು. ಪಂದ್ಯ ಫಿಕ್ಸ್ ಮಾಡುವುದು ಅಪ್ರಾಮಾಣಿಕತೆ, ಅಶಿಸ್ತು ಇರಬಹುದು, ಅದಕ್ಕೆ ಬಿಸಿಸಿಐ ಕ್ರಮ ತೆಗೆದುಕೊಳ್ಳಲಿ, ಆದರೆ ಅದು ದಂಡ ಸಂಹಿತೆಯ 420ನೇ ಕಲಂ ಹೇಳುವ ವಂಚನೆ ಆಗುವುದಿಲ್ಲ ಎಂದಿತು. ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಪೊಲೀಸ್ ಕಾಯ್ದೆಯ ವಿವರಣೆಯಲ್ಲೇ 'ಅದೃಷ್ಟದ ಆಟ' ಎಂಬುದರಿಂದ ಕ್ರೀಡೆಯನ್ನು ಹೊರಗಿಟ್ಟಿದೆ, ಕ್ರಿಕೆಟ್ ಕ್ರೀಡೆ, ಆದ್ದರಿಂದ ಅದರ ಮೇಲೆ ಬೆಟ್ಟಿಂಗ್ ನಡೆದರೂ ಅದು ಆ ಕಾಯ್ದೆಯ ಅರ್ಥದಲ್ಲಿ ಜೂಜು ಆಗದು ಎಂದು ನ್ಯಾಯಾಲಯ ಹೇಳಿತು. ಕ್ರಿಕೆಟ್ ಆಡುವವನಿಗೆ ಕೌಶಲ ಬೇಕು, ಸರಿ. ಸೋಫಾದ ಮೇಲೆ ಕೂತು ಮುಂದಿನ ಚೆಂಡು ಸಿಕ್ಸರೋ ಅಲ್ಲವೋ ಎಂದು ದುಡ್ಡು ಕಟ್ಟುವವನಿಗೆ ಯಾವ ಕೌಶಲ ಎನ್ನುವ ಪ್ರಶ್ನೆ ನಮಗೆ ಬರುತ್ತದೆ. ಆದರೆ ನ್ಯಾಯಾಲಯ ಬರೆದಿಟ್ಟ ಕಾಯ್ದೆಯನ್ನು ಓದುತ್ತದೆ, ನಮ್ಮ ಸಿಟ್ಟನ್ನಲ್ಲ.

ಈ ತೂತನ್ನು ಮುಚ್ಚಲು ರಾಜ್ಯ ಸರ್ಕಾರ ಪ್ರಯತ್ನಿಸಿರಲಿಲ್ಲ ಎನ್ನುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಆನ್‌ಲೈನ್ ಆಟಗಳನ್ನೂ ಎಲ್ಲ ಬಗೆಯ ಬಾಜಿಯನ್ನೂ ಜೂಜಿನ ಅರ್ಥದೊಳಗೆ ತಂದಿತು. ಲಾಟರಿ, ಕುದುರೆ ರೇಸು ಮಾತ್ರ ಹೊರಗೇ ಉಳಿದವು. ಗೇಮಿಂಗ್ ಕಂಪನಿಗಳು ಕೋರ್ಟಿಗೆ ಹೋದವು. 2022ರ ಫೆಬ್ರುವರಿ 14ರಂದು ಹೈಕೋರ್ಟಿನ ಇನ್ನೊಂದು ಪೀಠ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಗೆ ಹಾಕಬಾರದು, ಸಂವಿಧಾನಕ್ಕೆ ಅನುಗುಣವಾಗಿ ಬೇರೆ ಕಾನೂನು ಮಾಡಲು ಅಡ್ಡಿಯಿಲ್ಲ ಎಂಬುದು ಅದರ ಸಾರ.

ಆ ತಕ್ಕಡಿಯನ್ನೇ ಬದಿಗಿಟ್ಟದ್ದು ಸಂಸತ್ತು. 2025ರ ಆಗಸ್ಟ್ 20 ಮತ್ತು 21ರಂದು ಎರಡೂ ಸದನಗಳು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಅಂಗೀಕರಿಸಿದವು, 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂದು ಅದು ಕೇಳುವುದೇ ಇಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟವಾದರೆ ನಿಷೇಧ. ಅಂಥ ಆಟ ನಡೆಸಿದರೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಜಾಹೀರಾತು ಮಾಡಿದರೆ 2 ವರ್ಷ, 50 ಲಕ್ಷದವರೆಗೆ. ಹಣ ಸಾಗಿಸಲು ನೆರವಾದ ಸಂಸ್ಥೆಗಳಿಗೂ ಶಿಕ್ಷೆಯಿದೆ. ಆಡುವವನು ಅಪರಾಧಿಯಲ್ಲ, ಬಲಿಪಶು ಎಂಬುದು ಸರ್ಕಾರದ ನಿಲುವು. ಸುಮಾರು 45 ಕೋಟಿ ಜನ ಇಂಥ ಆಟಗಳಲ್ಲಿ ವರ್ಷಕ್ಕೆ 20,000 ಕೋಟಿ ರೂಪಾಯಿಯಷ್ಟು ಕಳೆದುಕೊಳ್ಳುತ್ತಿದ್ದಾರೆ ಎಂದು ಸರ್ಕಾರ ಅಂದಾಜು ಕೊಟ್ಟಿತ್ತು. ಡ್ರೀಮ್ ಇಲೆವೆನ್ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು, ಏಷ್ಯಾ ಕಪ್‌ನಲ್ಲಿ ಭಾರತ ತಂಡದ ಜೆರ್ಸಿಯ ಎದೆ ಖಾಲಿಯಾಗಿತ್ತು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಬೇರೆ ಬೇರೆ ಹೈಕೋರ್ಟುಗಳಿಂದ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ನನಗನ್ನಿಸುವಂತೆ ಈ ನಿಷೇಧದಿಂದ ಆದ ದೊಡ್ಡ ಉಪಕಾರ ಜಾಹೀರಾತಿನದು. ನಾವು ಮೆಚ್ಚುವ ಆಟಗಾರನೇ ಟಿವಿಯಲ್ಲಿ ಬಂದು 'ತಂಡ ಕಟ್ಟಿ, ಕೋಟಿ ಗೆಲ್ಲಿ' ಎನ್ನುವಾಗ ಮನೆಯವರು ಬೇಡ ಎಂದರೆ ಯಾರು ಕೇಳುತ್ತಾರೆ? ಆದರೆ ಬಾಗಿಲು ಮುಚ್ಚಿದ್ದು ವಿಳಾಸವಿದ್ದ ಕಂಪನಿಗಳು. ವಿಳಾಸವೇ ಇಲ್ಲದವರು ಹೆಸರು ಬದಲಿಸಿಕೊಂಡು ಮತ್ತೆ ಬರುತ್ತಾರೆ. 2023ರ ನವೆಂಬರಿನಲ್ಲಿ ಕೇಂದ್ರವು ಮಹಾದೇವ್ ಬುಕ್ ಸೇರಿ 22 ಬೆಟ್ಟಿಂಗ್ ಆ್ಯಪ್ ಮತ್ತು ಜಾಲತಾಣಗಳನ್ನು ತಡೆಹಿಡಿದಿತ್ತು. ಅದರಿಂದ ಬೆಟ್ಟಿಂಗ್ ನಿಂತುಹೋಗಲಿಲ್ಲ. ಯಾರೋ ಪರಿಚಯದವನು ವಾಟ್ಸ್‌ಆ್ಯಪಿನಲ್ಲಿ ಒಂದು 'ಐಡಿ' ಕೊಡುತ್ತಾನೆ, ವಾರಕ್ಕೊಮ್ಮೆ ಲೆಕ್ಕ ಚುಕ್ತಾ. ಅವನ ಮೇಲೊಬ್ಬ, ಆ ಮೇಲಿನವನ ಮೇಲೆ ಇನ್ನೊಬ್ಬ.

ಈಗ ಸಾಲದ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಕರಾರಿಗೆ ಬೆಲೆಯಿಲ್ಲ. ಗೆದ್ದ ದುಡ್ಡು ಕೊಡಲಿಲ್ಲ ಎಂದು ನೀವು ಕೋರ್ಟಿಗೆ ಹೋಗುವಂತಿಲ್ಲ, ಸೋತ ದುಡ್ಡು ಬರಲಿಲ್ಲ ಎಂದು ಬುಕ್ಕಿಯೂ ಹೋಗುವಂತಿಲ್ಲ. ಕೋರ್ಟಿಗೆ ಹೋಗಲಾಗದವನು ಮನೆಗೆ ಬರುತ್ತಾನೆ. ಬೈಕಿನ ಕೀ ಕಿತ್ತುಕೊಳ್ಳುತ್ತಾನೆ, ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತಾನೆ, ಅಪ್ಪನಿಗೆ ಹೇಳುತ್ತೇನೆ ಎಂದು ಹೆದರಿಸುತ್ತಾನೆ. ಆ ಹೆದರಿಕೆಗೆ ಹುಡುಗ ಬೇರೆ ಕಡೆ ಸಾಲ ಎತ್ತಿ ಅವನ ಬಾಯಿ ಮುಚ್ಚಿಸುತ್ತಾನೆ. ತಪ್ಪು ಆಗುವುದು ಅಲ್ಲೇ. ಬುಕ್ಕಿಯ ಬಾಕಿಗೆ ಕಾನೂನಿನ ಬಲ ಇರಲಿಲ್ಲ. ಆದರೆ ಅದನ್ನು ತೀರಿಸಲು ಮೂರನೆಯವರಿಂದ ತಂದ ಸಾಲ, ಬ್ಯಾಂಕಿನಲ್ಲಿ ಇಟ್ಟ ಒಡವೆ, ಸಂಘದಲ್ಲಿ ಎತ್ತಿದ ದುಡ್ಡು ನಿಜವಾದ ಸಾಲ. ಅದನ್ನು ತೀರಿಸಲೇಬೇಕು.

ಸಂಘದ ಸಾಲ ಸಿಗುವುದು ಹೆಂಗಸರ ಹೆಸರಿಗೆ. ಮಗ ಕಳೆದದ್ದನ್ನು ತುಂಬಲು ತಾಯಿ ಸಹಿ ಹಾಕಿದರೆ ವಾರದ ಕಂತು ತಾಯಿಯ ತಲೆಗೆ. ಅವರು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಕೇಳಲು ಬರುತ್ತಾರೆ. ಧರ್ಮರಾಯ ಪಗಡೆಯಲ್ಲಿ ಒಡ್ಡಿದ್ದು ತನ್ನನ್ನು ಮಾತ್ರವಲ್ಲ, ತಮ್ಮಂದಿರನ್ನು, ಹೆಂಡತಿಯನ್ನು. ಅವರ್ಯಾರೂ ದಾಳ ಮುಟ್ಟಿರಲಿಲ್ಲ. 2024ರ ಮಾರ್ಚಿನಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಐಪಿಎಲ್ ಬಾಜಿಗೆ ಸಾಲ ಮಾಡಿದ್ದು ಗಂಡ, ಸಾಲ ಕೊಟ್ಟವರ ಕಿರುಕುಳದ ನಡುವೆ ಜೀವ ಕಳೆದುಕೊಂಡದ್ದು ಹೆಂಡತಿ. 2025ರ ಫೆಬ್ರುವರಿಯಲ್ಲಿ ನಮ್ಮ ಮೈಸೂರಿನಲ್ಲೇ ಒಂದು ಕುಟುಂಬದ ಮೂವರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಹಿಂದಿದ್ದದ್ದು ಬೆಟ್ಟಿಂಗ್ ಸಾಲ ಎಂದು ಪತ್ರಿಕೆಗಳು ಬರೆದವು. ಈ ಸಾವುಗಳ ವಿವರ ಇಲ್ಲಿ ಬೇಡ. ಸಾಲ ಎಷ್ಟೇ ಇರಲಿ, ಅದಕ್ಕೆ ದಾರಿಗಳಿವೆ, ಕೊನೆಯಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಅನೇಕರು ಇನ್ನೊಂದು ಕೇಳುತ್ತಾರೆ: ಹಾಗಾದರೆ ಊರಿನ ಟೆನಿಸ್ ಬಾಲ್ ಟೂರ್ನಮೆಂಟೂ ಜೂಜೇ? ಅಲ್ಲೂ ಎಂಟ್ರಿ ಫೀ ಇದೆ, ಬಹುಮಾನ ಇದೆ. ಖುರ್‌ಆನಿನ ಬಖರಾ ಮತ್ತು ಮಾಇದಾ ಅಧ್ಯಾಯಗಳು ಮದ್ಯದ ಜೊತೆಯಲ್ಲೇ 'ಮೈಸಿರ್' ಎಂದು ಜೂಜನ್ನು ಹೆಸರಿಸುತ್ತವೆ. ಆ ಪದಕ್ಕೆ 'ಸುಲಭ' ಎಂಬರ್ಥದ ಮೂಲದ ನಂಟನ್ನು ವಿದ್ವಾಂಸರು ಹೇಳುತ್ತಾರೆ, ದುಡಿಯದೆ ಸುಲಭವಾಗಿ ಸಿಗುವ ದುಡ್ಡು ಎಂದು. ಆದರೆ ಫಿಕ್ಹ್ ಗ್ರಂಥಗಳು ಕುದುರೆ ಓಟ, ಬಿಲ್ಲುಗಾರಿಕೆಯ ಬಹುಮಾನವನ್ನು ಹಾಗೇ ತಳ್ಳಿಹಾಕಿಲ್ಲ. ಬಹುಮಾನ ಹೊರಗಿನವರು ಕೊಟ್ಟದ್ದಾದರೆ ಸರಿ, ಆಡುವವರೆಲ್ಲ ದುಡ್ಡು ಹಾಕಿ ಗೆದ್ದವನೇ ಬಾಚಿಕೊಳ್ಳುವುದಾದರೆ ಜೂಜು ಎಂಬ ವಿವೇಚನೆ ಅಲ್ಲಿದೆ. ಹಾಗಾಗಿ ಟ್ರೋಫಿ ಮತ್ತು ನಗದನ್ನು ಊರಿನ ದಾನಿಗಳು ಕೊಟ್ಟು, ಶುಲ್ಕವನ್ನು ಪೆಂಡಾಲು, ಚೆಂಡು, ಊಟಕ್ಕೆ ಬಳಸಿದರೆ ಆಟ ಆಟವಾಗಿಯೇ ಉಳಿಯುತ್ತದೆ. ಗಡಿಯ ಹೊರಗೆ ಕೂತು ಯಾರು ಗೆಲ್ಲುತ್ತಾರೆ ಎಂದು ದುಡ್ಡು ಕಟ್ಟುವುದು ಮಾತ್ರ ಯಾವ ಲೆಕ್ಕದಲ್ಲೂ ಆಟವಲ್ಲ.

ವಿದ್ಯಾರ್ಥಿಗಳಾದ ನಮಗೆ ಹೆಚ್ಚು ಅಪಾಯವಿರುವ ಜಾಗ ಬಾಜಿ ಕಟ್ಟುವುದಕ್ಕಿಂತ ಬೇರೆ. ಅದು ಬ್ಯಾಂಕ್ ಖಾತೆ. 'ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ ಒಂದು ತಿಂಗಳು ಕೊಡು, ಇಷ್ಟು ದುಡ್ಡು ಕೊಡುತ್ತೇನೆ' ಎಂದು ಯಾರಾದರೂ ಕೇಳಿದರೆ ಅದು ನಿರುಪದ್ರವ ಸಹಾಯ ಅಲ್ಲ. ಬೆಟ್ಟಿಂಗ್ ಮತ್ತು ಸೈಬರ್ ವಂಚನೆಯ ದುಡ್ಡನ್ನು ದಾಟಿಸಲು ಇಂಥ ಬಾಡಿಗೆ ಖಾತೆಗಳೇ ಬೇಕು. ತನಿಖೆ ಬಂದಾಗ ಮೊದಲು ಸಿಗುವ ಹೆಸರು ಖಾತೆದಾರನದು. ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ಸ್ಥಗಿತವಾದರೆ ವಿದ್ಯಾರ್ಥಿವೇತನವೂ ನಿಂತಿತು. ಹಾಗೆಯೇ ಗೆಳೆಯರಿಂದ ದುಡ್ಡು ವಸೂಲಿ ಮಾಡಿ ಬುಕ್ಕಿಗೆ ತಲುಪಿಸಿ ಕಮಿಷನ್ ತೆಗೆದುಕೊಳ್ಳುವವನು 'ಆಡಿದವನು' ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ಗುಂಪಾಗಿ ನಡೆಸುವ ಅನಧಿಕೃತ ಬೆಟ್ಟಿಂಗನ್ನು ಸಣ್ಣ ಸಂಘಟಿತ ಅಪರಾಧ ಎನ್ನುತ್ತದೆ. ಕನಿಷ್ಠ 1 ವರ್ಷದಿಂದ 7 ವರ್ಷದವರೆಗೆ ಜೈಲು. ಅದೇ ಕಲಂನಲ್ಲಿ ಅದರ ಪಕ್ಕದಲ್ಲೇ ಇರುವ ಇನ್ನೊಂದು ಅಪರಾಧ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾರುವುದು. 2016ರಲ್ಲಿ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾದ ರಾಜ್ಯ ನಮ್ಮದು, ಈ ನೆರೆಹೊರೆ ನಮಗೆ ಬೇಗ ಅರ್ಥವಾಗುತ್ತದೆ.

ಈಗಾಗಲೇ ಸಿಕ್ಕಿಹಾಕಿಕೊಂಡವರಿದ್ದರೆ ಮೊದಲು ಮಾಡಬೇಕಾದದ್ದು ಮನೆಯಲ್ಲಿ ಒಬ್ಬರಿಗೆ ಹೇಳುವುದು. ಅಪ್ಪನಿಗೆ ಹೇಳಲು ಹೆದರಿಕೆಯಾದರೆ ಅಣ್ಣನಿಗೆ, ಮಾಮನಿಗೆ, ಕಾಲೇಜಿನಲ್ಲಿ ನಂಬಿಕೆಯ ಉಪನ್ಯಾಸಕರಿಗೆ. ಗುಟ್ಟು ಇರುವವರೆಗೆ ಮಾತ್ರ ಬುಕ್ಕಿಗೆ ಬಲ. ಸೋತದ್ದನ್ನು ವಾಪಸ್ ಗೆಲ್ಲಲು ಇನ್ನೊಂದು ಬಾಜಿ ಬೇಡ, ಬುಕ್ಕಿಯ ಬಾಕಿ ತೀರಿಸಲು ಹೊಸ ಸಾಲವೂ ಬೇಡ. 18 ತುಂಬದವರು ಮಾಡಿಕೊಂಡ ಸಾಲದ ಕರಾರಿಗೆ ಕಾನೂನಿನಲ್ಲಿ ಬಲವಿಲ್ಲ ಎಂಬುದೂ ನೆನಪಿರಲಿ. ಮೀಟರ್ ಬಡ್ಡಿಯವರು, ನೋಂದಣಿ ಇಲ್ಲದ ಸಾಲದ ಸಂಸ್ಥೆಗಳು ಬೆದರಿಸಿದರೆ 112ಕ್ಕೆ ಕರೆ ಮಾಡಬಹುದು. 2025ರಲ್ಲಿ ಬಂದ ಕಿರು ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆ ಕಾಯ್ದೆಯಲ್ಲಿ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ಖಾತೆಯಿಂದ ಮೋಸವಾಗಿ ದುಡ್ಡು ಹೋದರೆ ತಡಮಾಡದೆ 1930. ನಿದ್ದೆಗೆಟ್ಟಿದ್ದರೆ, ಬದುಕು ಬೇಡ ಎನಿಸುತ್ತಿದ್ದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೊಬೈಲ್ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯವಿದೆ. ವಕೀಲರ ಸಲಹೆ ಬೇಕಾದರೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಮಗನ ಬಾಜಿಗಾಗಿ ಸಂಘದ ಸಾಲಕ್ಕೆ ಸಹಿ ಹಾಕಿದ ತಾಯಿಯೂ ಅಲ್ಲಿಗೆ ಹೋಗಿ ಕೇಳಬಹುದು.